ಅಕ್ಕ ಎಂಬ ಖಾನೆ

"ಟ್ಯೂಬ್ ಅದಲುಬದಲಾಗಿವೆ ಅಕ್ಕ. ಒಂದೆರಡಲ್ಲ, ಒಂಬತ್ತು ಜೋಡಿ."

ಡಾಕ್ಟರು ಕಾಗದವನ್ನು ಮೇಜಿನ ಮೇಲಿಟ್ಟಾಗ ಸೂಜಿಯಕ್ಕ ಕೈಗವಸು ಕಳಚುತ್ತಿದ್ದಳು. ಬಲಗೈಯದು ಕಳಚಿತ್ತು, ಎಡಗೈಯದು ಹಾಗೇ ಉಳಿಯಿತು.

"ನನ್ನ ಕೈಯಲ್ಲಾ?"

"ರಕ್ತ ತೆಗೆದೋರು ನೀವೊಬ್ಬರೇ ಅಲ್ವಾ?"

ಆ ಆಸ್ಪತ್ರೆಯಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಅವಳದು ರಕ್ತ ತೆಗೆಯುವ ಕೆಲಸ. ನರ ಸಿಗದವರನ್ನು ಎಲ್ಲ ವಾರ್ಡಿನವರೂ ಅವಳ ಹತ್ತಿರವೇ ಅಟ್ಟುತ್ತಿದ್ದರು. ಅವಳಿಗೆ ಜಂಬ ಇರಲಿಲ್ಲವೆಂದರೆ ಶುದ್ಧ ಸುಳ್ಳಾಗುತ್ತದೆ. ಆದರೆ ಆ ಜಂಬ ಸೂಜಿಯದಲ್ಲ, ಚೀಟಿಯದು. ಬೇರೆಯವರು ಬೆಳಿಗ್ಗೆಯೇ ಖಾಲಿ ಟ್ಯೂಬುಗಳಿಗೆ ಹೆಸರಿನ ಚೀಟಿ ಅಂಟಿಸಿ ಸಾಲಾಗಿ ನಿಲ್ಲಿಸಿಕೊಳ್ಳುತ್ತಿದ್ದರು. ಇವಳು ಮಾತ್ರ ರಕ್ತ ತುಂಬಿದ ಮೇಲೆ, ಕುರ್ಚಿಯಲ್ಲಿ ಕೂತವರ ಕಣ್ಣೆದುರಿಗೇ ಚೀಟಿ ಅಂಟಿಸಿ, "ಓದಿ, ಗಟ್ಟಿಯಾಗಿ" ಎನ್ನುತ್ತಿದ್ದಳು. ಓದು ಬಾರದವರಿಗೆ ತಾನೇ ಓದಿ ಹೇಳಿ ಹೂಂ ಅನ್ನಿಸಿಕೊಳ್ಳುತ್ತಿದ್ದಳು. ಆಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ಟ್ಯೂಬನ್ನು ಎಂಟು ಸಲ ಮೆಲ್ಲಗೆ ಮಗುಚಿದರೆ ಮುಗಿಯಿತು. ಕಿರಿಯ ನರ್ಸುಗಳು ಅವಳ ಕೋಣೆಗೆ ಒಂದನೇ ಕ್ಲಾಸು ಎಂದು ಹೆಸರಿಟ್ಟಿದ್ದರು. ಇಟ್ಟುಕೊಳ್ಳಲಿ ಬಿಡು ಎಂದು ಅವಳು ಸುಮ್ಮನಿದ್ದಳು.

ಡಾಕ್ಟರದು ಲಿಂಫೋಮಾದ ಮೇಲೆ ಸಂಶೋಧನೆ. ಮೈ ಕಾಯುವ ಬಿಳಿ ರಕ್ತಕಣಗಳೇ ಅಂಕೆ ಮೀರಿ ಬೆಳೆಯುವ ಕ್ಯಾನ್ಸರು ಅದು. ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಜೀನುಗಳಲ್ಲಿ ಕೆಲವು ಬಗೆಯವು ಇದ್ದವರಿಗೆ ಅದರ ಅಪಾಯ ಒಂದಿಷ್ಟು ಹೆಚ್ಚೇ ಎಂದು ತಿಳಿಯಲು, ಕಾಯಿಲೆ ಬಂದವರ ರಕ್ತವನ್ನು ಅವರ ಒಡಹುಟ್ಟಿದವರ ರಕ್ತದ ಜೊತೆ ಇಟ್ಟು ನೋಡುತ್ತಿದ್ದರು. ಎರಡು ವರ್ಷದಲ್ಲಿ ನೂರೈವತ್ತಾರು ಜೋಡಿ ಬಂದಿದ್ದವು. ಯಾಕೆ ಎಂದು ಕೇಳಿದವರಿಗೆ ಸೂಜಿಯಕ್ಕ ತನ್ನದೇ ರೀತಿಯಲ್ಲಿ ಹೇಳುತ್ತಿದ್ದಳು: "ಮನೆ ಕಾಯೋಕೆ ಇಟ್ಟೋರೇ ಒಳಗೆ ದಾಂಧಲೆ ಎಬ್ಬಿಸಿದ್ರೆ ಹೇಗೆ? ನಿಮ್ಮನೇಲಿ ಯಾಕೆ ಎಬ್ಬಿಸಿದ್ರು, ನಿಮ್ಮಣ್ಣನ ಮನೇಲಿ ಯಾಕೆ ಎಬ್ಬಿಸ್ಲಿಲ್ಲ ಅಂತ ನೋಡ್ತಾರೆ."

"ಒಡಹುಟ್ಟಿದೋರಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಜೀನು ಹೊಂದಬೇಕು" ಎಂದರು ಡಾಕ್ಟರು. "ಈ ಒಂಬತ್ತರಲ್ಲಿ ಹೊಂದ್ತಾ ಇಲ್ಲ. ಒಂಬತ್ತು ತಪ್ಪಿದ್ರೆ ಮಿಕ್ಕಿದ್ದನ್ನ ಯಾರು ನಂಬ್ತಾರೆ? ಮೂರು ಗಂಟೆ ಮೀಟಿಂಗಲ್ಲಿ ಎಲ್ಲಾ ಬಿಸಾಕಿ ಅಂತಾರೆ. ನೀವು ಬೇಜಾರು ಮಾಡ್ಕೋಬೇಡಿ ಅಕ್ಕ, ಮನುಷ್ಯರು ಅಂದ್ಮೇಲೆ ತಪ್ಪಾಗುತ್ತೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಈ ಸಮಾಧಾನದ ಮಾತಿಗೆ ಅವಳು ಮೇಜಿನ ಮೇಲಿದ್ದ ಕಾಗದವನ್ನು ಎಳೆದುಕೊಂಡಳು.

"ಮೂರು ಗಂಟೆವರೆಗೂ ಆ ಪಟ್ಟಿ ನನ್ನ ಹತ್ರ ಇರ್ಲಿ ಸಾರ್."

ಪಟ್ಟಿಯ ಮೊದಲ ಜೋಡಿ, ಪುಸ್ತಕಗಳಿಗೆ ರಟ್ಟು ಕಟ್ಟುವ ಹೆಂಗಸು ಮತ್ತು ಅವಳ ಅಕ್ಕ. ಸೂಜಿಯಕ್ಕನಿಗೆ ಇಬ್ಬರೂ ಕಣ್ಣಿಗೆ ಕಟ್ಟಿದಂತಿದ್ದರು. ರಟ್ಟಿನವಳಿಗೆ ಚಿಕಿತ್ಸೆ ಮುಗಿದು ತಲೆಯಲ್ಲಿ ಆಗಷ್ಟೇ ಕೂದಲು ಚಿಗುರಿತ್ತು, ಬೆರಳ ಸಂದಿಯಲ್ಲಿ ಅಂಟು ಒಣಗಿತ್ತು. ಕಾಯಿಲೆ ಬಂದವಳು ತೋಳು ಚಾಚಿ ಆರಾಮಾಗಿ ಕೂತಿದ್ದರೆ, ಏನೂ ಬಾರದ ಅಕ್ಕ ಸೂಜಿ ಕಂಡು ಕುರ್ಚಿಯಿಂದ ಎದ್ದೇಬಿಟ್ಟಿದ್ದಳು. ರಟ್ಟಿನವಳು ನಕ್ಕು ಏನೋ ಅಂದಿದ್ದಳಲ್ಲ? ಹೌದು. "ನಿಮ್ಮಮ್ಮನ ಥರಾನೇ ಪುಕ್ಕಲಿ ಕಣೇ ನೀನು."

ನಿಮ್ಮಮ್ಮ! ಒಡಹುಟ್ಟಿದ ತಂಗಿ ಬರೀ 'ಅಮ್ಮನ ಥರ' ಅನ್ನುತ್ತಿರಲಿಲ್ಲವೇ?

ಸೂಜಿಯಕ್ಕ ಫೋನು ಎತ್ತಿದಳು.

"ಅವತ್ತು ಜೊತೆಗೆ ಬಂದಿದ್ರಲ್ಲ, ಅವರು ನಿಮ್ಮ ಸ್ವಂತ ಅಕ್ಕಾನಾ?"

"ಸ್ವಂತ ಅಲ್ದೆ ಬಾಡಿಗೆಗೆ ತಂದಿದ್ನಾ?" ಎಂದಳು ರಟ್ಟಿನವಳು.

"ಅದಲ್ಲ ತಾಯಿ. ನಿಮ್ಮಮ್ಮನ ಹೊಟ್ಟೇಲಿ ಹುಟ್ಟಿದೋರಾ?"

"ದೊಡ್ಡಮ್ಮನ ಹೊಟ್ಟೇಲಿ. ಅದಕ್ಕೇನೀಗ? ನನಗೆ ಕಾಯಿಲೆ ಆದಾಗ ಎಂಟು ತಿಂಗಳು ನನ್ನ ತಲೆ ಹಿಡ್ಕೊಂಡು ಕೂತಿದ್ದೋಳು ಅವಳು. ಅಕ್ಕ ಅಲ್ಲ ಅಂತ ಯಾರು ಹೇಳಿದ್ದು, ಫೋನ್ ಕೊಡಿ ಅವರಿಗೆ!"

ಉಳಿದ ಎಂಟು ಮನೆಗಳಿಗೂ ಫೋನಾಯಿತು. ದೊಡ್ಡಪ್ಪನ ಮಗ, ಚಿಕ್ಕಮ್ಮನ ಮಗಳು, ಮತ್ತೆ ದೊಡ್ಡಪ್ಪನ ಮಗ. "ಒಂದೇ ತಟ್ಟೇಲಿ ಉಂಡು ಬೆಳೆದೋರು ನಾವು, ಇದೆಂಥಾ ಪ್ರಶ್ನೆ?" ಎಂದು ಒಬ್ಬರು ಉಗಿದರು. ಅಷ್ಟು ಖುಷಿಯಿಂದ ಅವಳು ಯಾವತ್ತೂ ಉಗಿಸಿಕೊಂಡಿರಲಿಲ್ಲ. ಕೊನೆಯವರು ಸಿಕ್ಕಿದ್ದು ಎರಡೂ ಮುಕ್ಕಾಲಿಗೆ.

"ಸಾರ್, ದೊಡ್ಡಮ್ಮನ ಮಕ್ಕಳು, ಚಿಕ್ಕಪ್ಪನ ಮಕ್ಕಳು ಅಂದ್ರೆ ಎಷ್ಟು ಪಾಲು ಹೊಂದಬೇಕು?"

"ಸುಮಾರು ಎಂಟರಲ್ಲೊಂದು. ಯಾಕೆ?"

"ಆ ಒಂಬತ್ತರಲ್ಲಿ ಎಷ್ಟಿದೆ ನೋಡಿ."

ಡಾಕ್ಟರು ಕಂಪ್ಯೂಟರಿಗೆ ಮುಖ ಕೊಟ್ಟರು. ಒಂದು ನೋಡಿದರು, ಎರಡು ನೋಡಿದರು, ಒಂಬತ್ತನ್ನೂ ನೋಡಿದರು. "ಎಲ್ಲಾ ಅಷ್ಟೇ ಇದೆ" ಎಂದರು ಮೆಲ್ಲಗೆ. "ಯಾರದೋ ಟ್ಯೂಬ್ ಸೇರಿದ್ರೆ ಇಷ್ಟೂ ಹೊಂದ್ತಿರ್ಲಿಲ್ಲ. ಹೊಂದಿಲ್ಲ ಅಂತ ಕಂಪ್ಯೂಟರ್ ಹಾಕಿದ ಕೆಂಪು ಗುರುತು ನೋಡಿ ನಾನು ಅಲ್ಲೇ ನಿಂತುಬಿಟ್ಟೆ. ಆದ್ರೆ ಅವರೆಲ್ಲ ಅಕ್ಕ, ಅಣ್ಣ ಅಂತ ಯಾಕೆ ಹೇಳಿದ್ರು?"

"ನಿಮ್ಮ ಫಾರಂನಲ್ಲಿ ಇದ್ದಿದ್ದೇ ಅದು. ಅಣ್ಣ, ತಮ್ಮ, ಅಕ್ಕ, ತಂಗಿ, ಟಿಕ್ ಹಾಕಿ ಅಂತ. ಕೇಳ್ದೆ ಟಿಕ್ ಹಾಕಿದ್ದು ನಾನೇ, ಅದು ನನ್ನ ತಪ್ಪು, ಒಪ್ಕೋತೀನಿ. ಟ್ಯೂಬು ಮಾತ್ರ ಅಲ್ಲ."

"ಆದ್ರೂ ಅಕ್ಕ..."

"ನೀವು ನನ್ನನ್ನೂ ಅಕ್ಕ ಅಂತೀರಿ ಸಾರ್. ನನ್ನ ರಕ್ತ ನಿಮಗೆ ಹೊಂದುತ್ತಾ ಒಂದ್ಸಲ ನೋಡಿಬಿಡಿ."

ಡಾಕ್ಟರ ಕಿವಿ ಕೆಂಪಾಯಿತು. ಆಮೇಲೆ ನಕ್ಕರು. ಮೀಟಿಂಗಿಗೆ ಅವಳನ್ನೇ ಕರೆದುಕೊಂಡು ಹೋಗಿ, "ಇವರು ಹೇಳ್ತಾರೆ, ಕೇಳಿ" ಎಂದು ತಾವು ಹಿಂದೆ ಸರಿದು ಕೂತರು. ದೊಡ್ಡ ಡಾಕ್ಟರುಗಳೆಲ್ಲ ಮೇಜಿನ ಸುತ್ತ ಕೂತು ಚೀಟಿ ಅಂಟಿಸುವ ಬಗೆಯನ್ನು ಒಂದನೇ ಕ್ಲಾಸಿನವರ ಹಾಗೆ ಕೇಳಿದರು. ಯಾವ ಟ್ಯೂಬನ್ನೂ ಬಿಸಾಡಬೇಕಿಲ್ಲ, ಒಂಬತ್ತು ಜೋಡಿಗೆ ಬೇರೆ ಖಾನೆ ಮಾಡಿ ಎಂದರು. ಫಾರಮ್ಮಿಗೆ ಒಂದು ಪ್ರಶ್ನೆ ಸೇರಿತು, ಅವಳದೇ ಮಾತಿನಲ್ಲಿ: 'ನಿಮ್ಮಿಬ್ಬರ ಅಪ್ಪನೂ ಒಬ್ಬರೇನಾ, ಅಮ್ಮನೂ ಒಬ್ಬರೇನಾ?' ಹೆಮ್ಮೆಯಿಂದ ಅವಳ ಎದೆ ಬಿರಿಯುವಂತಾಗಿತ್ತು. ಹೊರಗೆ ಬಂದು ನೋಡಿಕೊಂಡರೆ ಎಡಗೈಯಲ್ಲಿ ಕೈಗವಸು ಇನ್ನೂ ಹಾಗೇ ಇತ್ತು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ರಟ್ಟಿನವಳ ಅಕ್ಕ ಬಂದು ನಿಂತಿದ್ದಳು.

"ನನ್ನ ರಕ್ತ ಬೇಡ್ವಂತೆ?"

"ಯಾರು ಹೇಳಿದ್ದು? ಬೇಕು. ಬೇರೆ ಖಾನೆಗೆ ಇನ್ನೊಂದು ಟ್ಯೂಬು ಕೊಡಿ."

ಪುಕ್ಕಲಿ ಈ ಸಲ ತಾನೇ ತೋಳು ಚಾಚಿದಳು. ಕಣ್ಣು ಕೂಡ ಮುಚ್ಚಲಿಲ್ಲ. ಸೂಜಿಯಕ್ಕ ಚೀಟಿ ಅಂಟಿಸಿ ಮುಂದೆ ಹಿಡಿದಳು. ಅಕ್ಕ ತನ್ನ ಹೆಸರನ್ನು ಗಟ್ಟಿಯಾಗಿ ಓದಿ, ಕೆಳಗಿನ ಸಾಲಿಗೆ ಬಂದು ನಿಂತಳು.

"ದೊಡ್ಡಮ್ಮನ ಮಗಳು. ಇದ್ಯಾರು?"

"ನೀವೇ."

"ಪೆನ್ನು ಕೊಡಿ ಇಲ್ಲಿ."

ಇಪ್ಪತ್ತನಾಲ್ಕು ವರ್ಷದಲ್ಲಿ ಸೂಜಿಯಕ್ಕ ತನ್ನ ಚೀಟಿಯ ಮೇಲೆ ಇನ್ನೊಬ್ಬರ ಕೈ ಬೀಳಲು ಬಿಟ್ಟಿರಲಿಲ್ಲ. ಒಂದು ಕ್ಷಣ ಅವಳ ಮುಖ ನೋಡಿ, ಪೆನ್ನು ಕೊಟ್ಟಳು. ಬರೆದದ್ದನ್ನು ಹೊಡೆದುಹಾಕದೆ, ಅದರ ಕೆಳಗೆ ಉಳಿದಿದ್ದ ಎಳ್ಳಷ್ಟು ಜಾಗದಲ್ಲಿ ಪುಕ್ಕಲಿ ಎರಡಕ್ಷರ ಬರೆದು, ಹೊರಗೆ ಬೆಂಚಿನ ಮೇಲೆ ಕೂತಿದ್ದವರಿಗೆಲ್ಲ ಕೇಳುವಂತೆ ಓದಿದಳು.

"ಅಕ್ಕ."

ಸೂಜಿಯಕ್ಕ ಟ್ಯೂಬನ್ನು ಎಂಟು ಸಲ ಮೆಲ್ಲಗೆ ಮಗುಚಿ, ಟ್ರೇಯಲ್ಲಿ ಬೇರೆ ಖಾನೆಗೆಂದು ತೆಗೆದಿಟ್ಟಿದ್ದ ತಂಗಿಯ ಟ್ಯೂಬಿನ ಪಕ್ಕದಲ್ಲಿಟ್ಟಳು.