ದೀಪವಿಲ್ಲದೆ ತಿಳಿಯಾದ ನೀರು

ನೀರಿನಾಚೆ ಹಸಿರು ಬಳೆ ಕಂಡಿತು, ಒಂದಲ್ಲ, ನಾಲ್ಕು, ಎಣಿಸಬಹುದಿತ್ತು — ಹೋದ ವಾರ ಇದೇ ಗಾಜಿನ ಜಾಡಿಯ ಹಿಂದೆ ಶಂಕ್ರಮ್ಮ ಇಡಿಯಾಗಿ ನಿಂತಿದ್ದರೂ ಕಾಣುತ್ತಿರಲಿಲ್ಲ, ಅಷ್ಟು ಕಪ್ಪು, ನಾಚಾರಂನ ಈ ಗೊಬ್ಬರದ ಘಟಕದಲ್ಲಿ ಕೊಳೆತ ತರಕಾರಿ ರಾಶಿಯಿಂದ ಜಿನುಗುವ ರಸ, ಮೂಗಿಗೆ ಹತ್ತಿದರೆ ಮನೆಯ ಊಟದ ತನಕ ಬಿಡದ್ದು, ಈಗ ಅದರೊಳಗಿಂದ ಅವಳ ಕೈಬಳೆ, ತಳದಲ್ಲಿ ಏನೋ ಕಂದು, ಇರಲಿ, ಲಹರಿ ನೋಡುತ್ತಲೇ ಇದ್ದಳು, ಎರಡು ವರ್ಷದ ಪ್ರಯೋಗ, ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಿತು ಕೂಡ, ಒಂದು ಗಳಿಗೆ. ಭಾಳ ಚಲೋ ಆತು ಬಿಡವ್ವಾ, ನಾಳಿಂದ ನನ್ನ ಪುದೀನಕ್ಕ ಇದೇ ನೀರು ಬಿಡತೀನಿ, ಅಂದಳು ಶಂಕ್ರಮ್ಮ, ರಾಶಿ ತಿರುವುವ ಸಲಿಕೆಯ ಹಿಡಿಯ ಮೇಲೆ ಗದ್ದ ಊರಿ, ಆಮೇಲೆ ಸುಮ್ಮನೆ ಮಾತಿಗೆ ಅನ್ನುವಂತೆ — ನಿನ್ನೆ ನೀ ಆಕಡೆ ಹೋದಿ, ಈಕಡೆ ಕರೆಂಟ್ ಹೋತು ನೋಡು, ಸಂಜಿತನಾ ಬರಲೇ ಇಲ್ಲ, ನಿನ್ನ ನೀಲಿ ದೀಪ ಸತ್ತು ಕುಂತಿತ್ತು, ಆ ಗರಗರ ತಿರುಗೂದು ಮಾತ್ರ ತಿರುಗಾಕತ್ತಿತ್ತು, ಸಂಜೀಕ ಅದು ನಿಂತ ಮ್ಯಾಲ ನೋಡಿದ್ರ ನೀರು ಆಗಲೇ ತಿಳಿ.

ನೀರು ಕಲಕುವ ತಿರುಗಣಿ ಬ್ಯಾಟರಿಯದು, ದೀಪ ಮೇನ್ ಲೈನಿನದು, ಹಾಗಾದರೆ — ಬೆಳಕು ಬಿದ್ದರೆ ಮಾತ್ರ ಕೊಳೆಯನ್ನು ಒಡೆದು ಇಲ್ಲವಾಗಿಸುವ, ಅವಳು ಜಾಡಿಗೆ ಸುರಿದ ಪುಡಿಯ ಕಣಗಳು, ಕಣ್ಣಿಗೆ ಕಾಣದಷ್ಟು ಸಣ್ಣವು, ಬೆಳಕೇ ಇಲ್ಲದೆ ಏನು ಒಡೆದವು, ಏನೂ ಇಲ್ಲ, ಕೊಳೆಯನ್ನು ಮೈಗೆ ಮೆತ್ತಿಕೊಂಡವು ಅಷ್ಟೆ, ಹೋಲಿಸಿ ನೋಡಲು ಒಂದು ಜಾಡಿ ಬೆಳಕಿಗೆ, ಒಂದು ಕತ್ತಲಿಗೆ, ಇದನ್ನು ಹೊಸ ಹುಡುಗಿಯರಿಗೆ ಹೇಳಿಕೊಡುವವಳು ಅವಳೇ, ಮತ್ತು ಅವಳೇ ಕತ್ತಲ ಜಾಡಿಯನ್ನು ಮರೆತವಳು, ಮರೆತದ್ದೋ, ಬೇಡವಾದದ್ದೋ, ನಿನ್ನೆ ಆ ಹೊತ್ತಿಗೆ ಅಬಿಡ್ಸ್‌ನಲ್ಲಿ ವರದಿಗೆ ರಟ್ಟು ಹಾಕಿಸುತ್ತಿದ್ದಳು, ಬಂಗಾರದ ಬಣ್ಣದ ಅಕ್ಷರ ಒಣಗಲೆಂದು ಊದುತ್ತ ನಿಂತಿದ್ದಳು, ಹಾಗೆ ಊದಿದ್ದು ಚಿಕ್ಕಂದಿನಲ್ಲಿ ಅಜ್ಜಿಯ ಒಲೆಯ ಮುಂದೆ, ನಾರಾಯಣಗೂಡದ ಆ ಹೊಗೆಯ ಅಡುಗೆಮನೆ, ಗೋದಾಬಾಯಿ ಅಜ್ಜಿ ಕೊಳವೆ ಕೈಗೆ ಕೊಟ್ಟು ಹೇಳುತ್ತಾಳೆ, ಒಬ್ಬಾಕಿ ಸೊಸಿ ಇದ್ದಳಂತ, ಮನಿಯಾಗಿನ ಕತ್ತಲಿ ಎಲ್ಲಾ ಕಸಬರಗೀಲೆ ಗುಡಿಸಿ ಬೀಸೂಕಲ್ಲಿನ ಹಿಂದ ಒತ್ತಿದಳಂತ, ಅತ್ತಿ ಬಂದು, ಆಹಾ ಎಷ್ಟು ಬೆಳಕಾತವಾ ಅಂದಳಂತ. ಆಮೇಲೆ ಅಜ್ಜಿ? ಆಮೇಲೇನು ಹುಚ್ಚಿ, ಎಲ್ಲಿ ಹೋಗತೈತಿ, ಕಲ್ಲಿನ ಹಿಂದ ಕುಂತಿರತೈತಿ.

ಫೋನು ನಡುಗುತ್ತಿದೆ, ಸೂರ್ಯನಾರಾಯಣ ಸಾರ್, ಅವಳ ಮಾರ್ಗದರ್ಶಕರು, ಏಮ್ಮಾ, ನೀರು ಕ್ಲಿಯರಾ, ನಾಳೆ ದೊಡ್ಡ ತೊಟ್ಟಿಗೇ ಪುಡಿ ಹಾಕಿಸಲಾ, ಹೂಂ ಅಂದರೆ ಮುಗಿಯಿತು, ಸುಳ್ಳೂ ಅಲ್ಲ, ನೀರು ತಿಳಿಯೇ, ಬಳೆ ಕಾಣುತ್ತದಲ್ಲ, ನಾಲ್ಕು — ಇಲ್ಲ ಸಾರ್, ಎಂದಿತು ಯಾರದೋ ದನಿಯಂಥ ಅವಳ ದನಿ, ದೀಪ ಹತ್ತಿರಲಿಲ್ಲ, ತೊಟ್ಟಿಗೆ ಬೇಡ, ಮೊದಲಿಂದ ಮಾಡಬೇಕು. ರಿಪೋರ್ಟು ಬೈಂಡ್ ಆಯಿತಲ್ಲಮ್ಮಾ, ಆಯಿತು ಸಾರ್. ಫೋನಿಟ್ಟು ತಿರುಗಿದಳು, ಪುದೀನಕ್ಕೂ ಬ್ಯಾಡ ಶಂಕ್ರಮ್ಮ. ಯಾಕವ್ವಾ, ತಿಳಿ ಐತಲ್ಲ? ಐತಿ, ಐತಿ, ಆದರೆ — ನಿನ್ನೆ ಅಕ್ಕಿಹಿಟ್ಟಿನಂತೆ ಬೆಳ್ಳಗೆ ಸುರಿದ ಪುಡಿ, ಅವಳು ಜಾಡಿಯನ್ನು ಸ್ವಲ್ಪ ವಾಲಿಸಿದಳು, ಮೇಲೆ ನೀರು, ನೀರಿನಾಚೆ ಬಳೆ, ತಳದಲ್ಲಿ, ಚಹಾದ ಗಸಿಯ ಹಾಗೆ, ಎಲ್ಲಿಗೂ ಹೋಗದೆ, ಕಂದು ಪುಡಿ.