ತೇಪೆ ಅವಳದು, ಗಾಳಿ ಅವರದು

ಎಡಕ್ಕೆ, ಮತ್ತೆ ಎಡಕ್ಕೇ ಎಳೆಯುತ್ತಿದೆ ಸೈಕಲ್ಲು, ಮಿಠಾಯಿ ಅಂಗಡಿ ಕಂಡ ಮಗು ಕೈ ಜಗ್ಗಿದ ಹಾಗೆ, ಎಳೆಯದೆ ಇನ್ನೇನು ಮಾಡೀತು, ಭಾರವೆಲ್ಲ ಎಡಚೀಲದಲ್ಲೇ ಇದೆ, ಪಕ್ಕದಲ್ಲಿ ಬರುವ ಗಂಡನ ಸೈಕಲ್ಲಿಗೆ ತಾಗದಿರಲಿ ಎಂದು ಇಪ್ಪತ್ತೆರಡು ವರ್ಷ ಬಲಗಡೆ ಅವಳು ಏನನ್ನೂ ಕಟ್ಟಿದವಳಲ್ಲ, ಇವತ್ತು ಪಕ್ಕದಲ್ಲಿ ಯಾರೂ ಇಲ್ಲ, ಆದರೂ ಕೈ ತನ್ನ ಪಾಡಿಗೆ ಎಡಕ್ಕೇ ತುಂಬಿದೆ — ಹುಟ್ಟುಗುಣ ಸುಟ್ಟರೂ ಹೋಗದು, ಮಹರಾಯ್ತಿ. ಮೊದಲ ತಿರುವಿನಲ್ಲೇ ಚೀಲದ ಪಟ್ಟಿ ಚಕ್ರಕ್ಕೆ ಸಿಕ್ಕಿ ಹರಿಯಿತು, ಹೋಗಲಿ, ಹೊಲಿಗೆಯವಳಿಗೆ ಸೂಜಿದಾರಕ್ಕೇನು ಬರ, ಸೇತುವೆಯ ಕಟ್ಟೆ ಮೇಲೆ ಕೂತು ಹೊಲಿದಳು, ಆಮೇಲೆ ಏರಿನಲ್ಲಿ ಚೈನು ಕಳಚಿತು, ಕೈಯೆಲ್ಲ ಕರಿ, ಅದೇ ಕೈಯಲ್ಲಿ ಹಣೆ ಒರೆಸಿಕೊಂಡಳು, ಎರಡಾಯ್ತಲ್ಲ ಇನ್ನು ಸಾಕು ಎನ್ನುವಷ್ಟರಲ್ಲಿ ಈಗ ಹಿಂದಿನ ಚಕ್ರ ಉಸ್ಸೆನ್ನುತ್ತಿದೆ. ಹತ್ತೊಂಬತ್ತು ಕಿಲೋಮೀಟರಿಗೆ ಮೂರು. ಸಮುದ್ರಕ್ಕೆ ಇನ್ನೂ ಎಂಟು ದಿನದ ದಾರಿ. ಸದ್ಯ, ತೇಪೆ ಅವಳ ಕೆಲಸವೇ, ಮದುವೆಯ ಹೊಸದರಲ್ಲೇ ಅವರು ಪಾಲು ಮಾಡಿ ಮುಗಿಸಿದ್ದರು, ತೇಪೆ ನಿಂದು, ಗಾಳಿ ನಂದು ಕಣೇ, ಅಂದಿನಿಂದ ತೇಪೆ, ಸಲ್ಯೂಷನ್, ಉಪ್ಪುಕಾಗದ ಇವಳ ಚೀಲದಲ್ಲಿ, ಪಂಪು ಅವರ ಸೈಕಲ್ಲಿನಲ್ಲಿ, ಇವಳು ತೇಪೆ ಒತ್ತಿ ಹಿಂದೆ ನೋಡದೆ ಕೈ ಚಾಚಿದರೆ ಸಾಕು, ಪಂಪು ಕೈಗೆ ಬರುತ್ತಿತ್ತು. ತೂತು ಸೂಜಿಮೊನೆಯಷ್ಟೇ, ಉಜ್ಜಿದಳು, ಹಚ್ಚಿದಳು, ಊದಿ ಆರಿಸಿದಳು, ಒತ್ತಿದಳು, ಟಯರು ಕೂರಿಸಿದಳು, ಕೈ ಚಾಚಿದಳು.

ಕೈ ಹಾಗೇ ನಿಂತಿದೆ. ಅಯ್ಯೋ ಪೆದ್ದಿ, ಪಂಪು ಮನೆಯಲ್ಲಿ, ತಲೆಬಾಗಿಲ ಹಲಗೆಯ ಹಿಂಬದಿ ಮೊಳೆಯಲ್ಲಿ ನೇತಾಡುತ್ತಿದೆ, ಅವರ ಮಂಡಿ ಕೈಕೊಟ್ಟು ಸೈಕಲ್ಲು ಮೂಲೆ ಸೇರಿದ ದಿನವೇ ಅದೂ ಮೊಳೆ ಸೇರಿತು, ಹೋಗಿ ಬಾರೇ ನೀನಾದ್ರೂ, ಅಂದದ್ದು ಅವರೇ, ಮೊದಲ ಸಲ ನಗುತ್ತ, ಎರಡನೆಯ ಸಲ ಗೋಡೆ ನೋಡುತ್ತ. ಸಂಜೆ ತನಕ ಫೋನ್ ಮಾಡ್ಬೇಡಿ, ನನ್ನ ಕೈಲಿ ಆಗುತ್ತೋ ಇಲ್ವೋ ನೋಡೋಣ, ಅಂದವಳು ಇವಳು, ಐವತ್ತೊಂದು ವರ್ಷಕ್ಕೆ ಬಂದ ಜಂಬ, ಈಗ ತಿರುಗಿದರೆ ಮುಗಿಯಿತು, ಇನ್ನೊಂದು ಸಲ ಹೊರಡುವ ಧೈರ್ಯ ತನಗೆ ಬರುವುದಿಲ್ಲ, ಅದು ಅವಳಿಗೆ ಚೆನ್ನಾಗಿ ಗೊತ್ತು. ರಸ್ತೆ ಗುಂಡಿಗೆ ಜಲ್ಲಿ ಹಾಕುತ್ತಿದ್ದವನನ್ನು ಕೇಳಿದಳು, ಎರಡು ಕಿಲೋಮೀಟರ್ ಮುಂದೆ ಹೋದ್ರೆ ಬಂಕ್ ಇದೆ ಅಕ್ಕಾ, ಗಾಳಿ ಹಾಕಿಸ್ಬಹುದು, ಒಬ್ರೇನಾ? ಒಬ್ಬಳೇ, ಅಂದಳು, ಆ ಮಾತು ಬಾಯಿಗೆ ಹೊಸದು. ತಳ್ಳಿಕೊಂಡು ಹೊರಟಳು, ಚಪ್ಪಟೆ ಚಕ್ರ ಪಚಪಚ ಅನ್ನುತ್ತದೆ, ಫೋನು — ಎಂಟೂವರೆ ಆಗಿಲ್ಲ, ಆಗಲೇ ಅವರು, ಲೇ, ಪಂಪು ಇಲ್ಲೇ ಉಳಿದಿದೆಯಲ್ಲೇ, ಈಗಷ್ಟೇ ಕಣ್ಣಿಗೆ ಬಿತ್ತು, ಪಂಪಿಲ್ಲದೆ ಹೇಗೆ ಹೋಗ್ತೀಯಾ, ಬಂದ್ಬಿಡು. ಮುಂದೆ ಬಂಕ್ ಇದೆಯಂತೆ ರೀ. ಹ್ಞೂಂ, ಅದೂ ಸರೀನೇ. ಅವರು ಬಾಗಿಲಿಗೆ ಒರಗಿರಬೇಕು, ಫೋನಿನೊಳಗೆ ಟಕ್ ಎಂದಿತು, ಕಬ್ಬಿಣ ಮರಕ್ಕೆ ತಾಗಿದ ಸದ್ದು, ಈ ಸದ್ದು ಬೆಳಿಗ್ಗೆಯೂ ಆಗಿತ್ತಲ್ಲ, ಇವಳು ಹೊರಡುವಾಗ ಅವರು ಇದೇ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಬೆರಳು ಮಡಿಸಿ ಮಡಿಸಿ ಕೇಳಿದ್ದರು, ತೇಪೆ ಇಟ್ಕೊಂಡ್ಯಾ, ಸ್ಪ್ಯಾನರು, ನೀರು, ಮಾತ್ರೆ, ಇನ್ನೇನೂ ಮರೆತಿಲ್ಲ ತಾನೆ, ಆಗಲೇ ಟಕ್, ಊರುಗೋಲಿರಬೇಕು ಅಂದುಕೊಂಡಿದ್ದಳು, ಊರುಗೋಲಿನ ತುದಿಗೆ ರಬ್ಬರಿದೆ, ಇವಳೇ ಹಾಕಿಸಿದ್ದು, ಅದು ಟಕ್ ಅನ್ನುವುದಿಲ್ಲ. ಈಗಷ್ಟೇ ಕಣ್ಣಿಗೆ ಬಿತ್ತಂತೆ. ಸಿಟ್ಟು ಬರಬೇಕಿತ್ತು, ಬಂದದ್ದು ಅಳು, ಸಂಜೆ ಮಾಡ್ತೀನಿ ರೀ, ಅಂದು ಫೋನು ಇಟ್ಟಳು, ತಳ್ಳಿದಳು, ಮುಂದಕ್ಕೇ, ಬಂಕು ಇನ್ನೂ ಕಾಣುತ್ತಿಲ್ಲ, ಕಾಣುತ್ತಿರುವುದು ಬಾಗಿಲು, ಅದನ್ನು ಮರೆಮಾಡಿ ನಿಂತ ಅವರ ಬೆನ್ನು, ಬೆನ್ನ ಹಿಂದೆ ಮೊಳೆಯಲ್ಲಿ ಮೆಲ್ಲಗೆ ಅಲ್ಲಾಡುತ್ತಿರುವ ಪಂಪು, ಟಕ್.