ಮುಯ್ಯಿಗೆ ಲೆಕ್ಕ ಕೇಳಿದೋಳು

ಹುತ್ತೂರು ಕಡೆ ಗಂಗರತ್ನಮ್ಮನ ಮನೇಲಿ ರೇಷ್ಮೆಹುಳ ಸೊಪ್ಪು ಮೇಯೋ ಸದ್ದಿಗೆ ಕೋಲಾರದ ಬಸ್ ಸ್ಟ್ಯಾಂಡ್‌ನಲ್ಲಿ ಮಲಗಿರೋ ನಾಯಿಗಳು ಎದ್ದು ಕೂತ್ಕೊಳ್ತಿದ್ವು. ಆಯ್ತಪ್ಪಾ, ಅರ್ಧ ಸುಳ್ಳು. ಕೋಲಾರ ಬಿಡಿ, ಪಕ್ಕದ ಮನೆ ಬೈರಮ್ಮಂಗೆ ನಿದ್ದೆ ಹತ್ತುತಿರಲಿಲ್ಲ ಅನ್ನೋದಂತೂ ನಿಜ.

ಆ ಮನೆ ಮಗಳು ಮೇಘನ. ಕೋಲಾರದಲ್ಲಿ ಓದ್ತಾ ಮಾಡೆಲ್ ಕಟ್ಟೋದು ಕಲೀತಿದ್ಳು. ಮಣ್ಣಲ್ಲಲ್ಲ, ಕಂಪ್ಯೂಟರ್‌ನಲ್ಲಿ. ಯಾರು ಎಷ್ಟು ದುಡೀತಾರೆ, ಏನು ತಿಂತಾರೆ ಅಂತ ಎಲ್ಲಾ ತುಂಬಿ ಒಂದು ಸುಳ್ಳು ಊರು ಕಟ್ಟೋದು. ಸರ್ಕಾರದ ಯಾವುದೋ ಯೋಜನೆ ಅದರೊಳಗಿಂದ ಕಿತ್ತು, ಯಾರು ಬಿದ್ರು ಯಾರು ನಿಂತ್ರು ಅಂತ ನೋಡೋದು. ಸೊಸೆ ತರೋಕೆ ಮುಂಚೆ ಇಂಥದ್ದೊಂದು ಇದ್ದಿದ್ರೆ ಎಷ್ಟು ಮನೆ ಉಳೀತಿದ್ವೋ!

ಅವಳ ಸರ್ ಚಂದ್ರಮೋಹನ್ ಕೊಟ್ಟಿದ್ದು ಅವಳ ಊರಿನ ಪ್ರಶ್ನೇನೇ. ತಾಯಂದಿರು ಕೂಸು ಬಿಟ್ಟು ಹೋಗೋ ಶಿಶುಮನೆ ಇರಬೇಕಾ, ಮುಚ್ಚಬೇಕಾ? ಸರ್ಕಾರದ ಮೇಲಿನೋರು ಈ ಮಾಡೆಲ್ ನೋಡೇ ತೀರ್ಮಾನ ಮಾಡೋರಂತೆ.

ಮೇಘನ ಮನೆಮನೆಗೂ ಹೋಗಿ ಕೇಳಿದ್ಳು, "ಕೂಲಿಗೆ ಹೋಗ್ತೀರಾ?"

"ಥೂ, ನಾವ್ಯಾಕೆ ಹೋಗಣ? ಮನೇಲೇ ಇರ್ತೀವಿ." ಅವಳಮ್ಮಂದು ಎಲ್ಲರಿಗಿಂತ ಜೋರು ಗಂಟಲು.

ಅವಳು ಹಂಗೇ ತುಂಬಿದ್ಳು. ಕಂಪ್ಯೂಟರ್ ಹೇಳ್ತು: ಈ ಹೆಂಗಸರಿಗೆ ಕೆಲಸವೇ ಇಲ್ಲ, ಶಿಶುಮನೆ ದಂಡ.

ಆಮೇಲೊಂದಿನ ಮನೆಗೆ ಬಂದ್ರೆ ಹುಳ ಹಣ್ಣಾಗಿ ನೂಲು ಬಿಡೋಕೆ ನಿಂತಿದ್ವು. ಹಣ್ಣಾದ ಹುಳನ ಅವತ್ತೇ ಆರಿಸಿ, ಗೂಡು ಕಟ್ಟೋ ಬಿದಿರು ತಟ್ಟಿ ಚಂದ್ರಿಕೆಗೆ ಬಿಡ್ಬೇಕು, ಇಲ್ಲಾಂದ್ರೆ ಸೊಪ್ಪಿನ ಮೇಲೇ ಗೂಡು ಕಟ್ಟಿ ಹಾಳಾಗ್ತವೆ. ಓಣಿ ಹೆಂಗಸರೆಲ್ಲಾ ಕೂಸುಗಳನ್ನ ಶಿಶುಮನೇಲಿ ಬಿಟ್ಟು, ಕರೀದೇನೇ ಬಂದು ಕೂತಿದ್ರು.

"ಅಮ್ಮಾ, ಇದು ಕೆಲಸ ಅಲ್ವಾ?"

"ಕೆಲಸ ಏನ್ಬಂತು? ಮುಯ್ಯಿ ಕಣೇ. ಇವತ್ತು ನಮ್ಮನೆಗೆ ಅವ್ರು, ನಾಳೆ ಅವ್ರ ಮನೆಗೆ ನಾವು."

ಕೂಲಿ ಅಂತ ಕೇಳಿದ್ದೇ ತಪ್ಪಾಯ್ತು ಅಂತ ಮೇಘನಂಗೆ ಹೊಳೀತು. ಸರ್ ಹತ್ರ ಓಡಿದ್ಳು. ಅವ್ರು, "ಮುಯ್ಯಿ ಗಿಯ್ಯಿ ಅಂದ್ರೆ ಮಾಡೆಲ್‌ಗೆ ಹೋಗಲ್ಲಮ್ಮ. ಯಾರ ಮನೆಗೆ ಯಾರು ಎಷ್ಟು ಸಲ ಹೋದ್ರು, ಕೇಳ್ಕೊಂಡು ಬಾ" ಅಂದ್ರು.

ಕೇಳಿದ್ಳು. ಬೈರಮ್ಮ ಹುಟ್ಟಿದಾಗಿಂದ ಎಣಿಸದೇ ಇದ್ದಿದ್ದನ್ನ ಅವತ್ತು ಬೆರಳು ಮಡಚಿ ಎಣಿಸಿದ್ಳು. ಎಣಿಸ್ತಾ ಎಣಿಸ್ತಾ ಮೂತಿ ಸೊಟ್ಟಗಾಯ್ತು.

"ಏಮೇ ಗಂಗರತ್ನ, ನಿಮ್ಮನೆಗೆ ನಾವು ಬಂದಿದ್ದೇ ಬಂದಿದ್ದು! ನಿಮ್ಮನೆಯಿಂದ ಮುಂಚೆ ಇಬ್ರು ಬರ್ತಿದ್ರಿ. ಈಗ ಒಬ್ಬಳು ಕೋಲಾರದಲ್ಲಿ ಸುಳ್ಳು ಊರು ಕಟ್ತಾವಳೆ, ನಾವು ನಿಮ್ಮ ಹುಳ ಆರಿಸ್ತಾ ಇದ್ದೀವಿ."

ಮಾತು ಓಣಿ ತುಂಬಾ ಹಬ್ಬಿತು. ಗಂಗರತ್ನಮ್ಮ ಮಗಳಿಗೆ ಒಂದೇ ಮಾತು ಅಂದಿದ್ದು: "ಉಂಡು ಏಳೇ ಅಂದ್ರೆ ಎಂಜಲೆಲೆ ಎಣಿಸ್ದೆ."

ಮೇಘನ ಮುಯ್ಯೀನೂ ಕೆಲಸ ಅಂತ ಸೇರಿಸಿ ಮಾಡೆಲ್ ತಿದ್ದಿದ್ಳು. ಈ ಸಲ ಅದು ಶಿಶುಮನೆ ಇರಲೇಬೇಕು ಅಂತು. ಅವ್ರು ಹೇಳಿದ ದಿನವೇ ಅವಳು ಬೆಂಗಳೂರಿಗೆ ಹೋಗಿ ಮೇಲಿನೋರ ಮುಂದೆ ನಿಂತು ಹೇಳ್ಬೇಕು, ಇಲ್ಲಾಂದ್ರೆ ಹಳೇ ಉತ್ತರಾನೇ ಗಟ್ಟಿ.

ಹೋಗೋ ದಿನ ಬೆಳಿಗ್ಗೆ ಅಮ್ಮನ ಫೋನು. "ಈ ಸಲದ ಬೆಳೆ ಹಣ್ಣಾಗೈತೆ ಕಣೇ. ಬಾಗಿಲು ತೆಗೆದಿಟ್ಕೊಂಡು ಕೂತಿದ್ದೀನಿ, ಒಂದು ನರಪಿಳ್ಳೆ ಬರ್ಲಿಲ್ಲ. ಬೈರಿ ಕೂಸು ಎತ್ಕೊಂಡು ನಮ್ಮ ಬಾಗಿಲ ಮುಂದೇನೇ ಶಿಶುಮನೆಗೆ ಹೋದ್ಳು. 'ನಮ್ಮ ಲೆಕ್ಕ ಚುಕ್ತಾ ಆಯ್ತಲ್ಲೇ' ಅಂತಾಳೆ. ಹುಳ ಸೊಪ್ಪಿನ ಮೇಲೇ ನೂಲು ಬಿಡ್ತಾವೆ. ನೀನಾದ್ರೂ ಬಾರೇ."

ಮೇಘನ ಕೋಲಾರದ ಬಸ್ ಸ್ಟ್ಯಾಂಡ್‌ನಲ್ಲಿ ನಿಂತಿದ್ಳು. ಬೆಂಗಳೂರು ಬಸ್ಸು ಹಾರನ್ ಹೊಡೀತಿತ್ತು, ಹುತ್ತೂರು ಬಸ್ಸೂ ಹೊರಡೋಕೆ ನಿಂತಿತ್ತು. ಬೆಂಗಳೂರಿಗೆ ಹೋದ್ರೆ ಬೈರಮ್ಮನ ಕೂಸಿಗೆ ನೆರಳು, ಅಮ್ಮನ ಬೆಳೆ ತಿಪ್ಪೆಗೆ. ಊರಿಗೆ ಹೋದ್ರೆ ಅಮ್ಮನ ಜೊತೆ ಹುಳ ಆರಿಸ್ಬೋದು, ಬಾಗಿಲು ದಾಟಿ ಹೋದೋರ ಕೂಸುಗಳೆಲ್ಲಾ ಬೀದಿಗೆ.

ಒಂದು ಬಸ್ಸು ಹತ್ತಿದ್ಳು, ಅತ್ಕೊಂಡೇ ಹತ್ತಿದ್ಳು. ಯಾವುದು ಅಂತ ನನ್ನ ಬಾಯಲ್ಲಿ ಯಾಕೆ ಹೇಳಿಸ್ತೀರಾ? ಹೆಣ್ಣು ಹೆತ್ತೋರಲ್ವಾ, ನೀವೇ ಹೇಳಿ ನೋಡಣ.